ಗೋಡೆ ಒಡೆಸುವ ಮುನ್ನ ಅಟ್ಟ ಹತ್ತಿ ನೋಡಿ

ತುರುವೇಕೆರೆ ಕಡೆಯ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅಡಿಗೆಮನೆಗೂ ನಡುಮನೆಗೂ ಮಧ್ಯದ ಗೋಡೆ ತೆಗೆಸಿ ಒಂದೇ ದೊಡ್ಡ ಹಾಲ್ ಮಾಡಬೇಕು ಅಂತ ಅವರ ಯಜಮಾನರು ಹೊರಟಿದ್ದಾರಂತೆ. ಮನೆ ಮಾವನವರ ತಂದೆ ಕಾಲದ್ದು. ಮಣ್ಣಿನ ಗೋಡೆ, ಮೇಲೆ ಅಟ್ಟ, ಅದರ ಮೇಲೆ ಮಂಗಳೂರು ಹೆಂಚು. ಮೇಸ್ತ್ರಿ ಬಂದು ಗೋಡೆ ತಟ್ಟಿ, "ಇದು ಬರೀ ಅಡ್ಡಗೋಡೆ ಕಣಕ್ಕಾ, ಎರಡು ದಿನದ ಕೆಲಸ" ಅಂದನಂತೆ. "ನನಗ್ಯಾಕೋ ಭಯ, ಹೇಳಿದರೆ ಹೆಂಗಸರಿಗೇನು ಗೊತ್ತು ಅಂತಾರೆ" ಎಂದು ಕೇಳಿದ್ದಾರೆ.

ಭಯ ಪಟ್ಟಿದ್ದು ಒಳ್ಳೇದೇ ಆಯಿತು, ತಂಗಿ. ಗೋಡೆ ತಟ್ಟಿ ನೋಡಿದರೆ ಗೋಡೆ ಟೊಳ್ಳೋ ಗಟ್ಟಿಯೋ ತಿಳಿದೀತು. ಅದು ಏನನ್ನು ಹೊತ್ತಿದೆ ಅನ್ನೋದು ತಿಳಿಯೋದಿಲ್ಲ. ಅದಕ್ಕೆ ಏಣಿ ಹಾಕಿ ಮೇಲೆ ಹತ್ತಬೇಕು.

ನಮ್ಮ ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ಹಳೇ ಮನೆಗಳ ಅಟ್ಟ ಅಂದರೆ ಹಳೇ ಪಾತ್ರೆ ಇಡೋ ಜಾಗ ಅಲ್ಲವಲ್ಲ. ಸಿಪ್ಪೆ ಸಮೇತ ಕಾಯಿ ಏರಿಸಿ, ಹತ್ತು ಹನ್ನೊಂದು ತಿಂಗಳು ಬಿಟ್ಟು, ಒಳಗಿನ ನೀರೆಲ್ಲ ಆರಿ ಗಿಟಕು ಚಿಪ್ಪು ಬಿಟ್ಟು ಗಡಗಡ ಅನ್ನೋವರೆಗೂ ಕಾಯೋ ಜಾಗ. ಒಂದು ಕಾಯಿಗೆ ಒಂದೇ ಕಿಲೋ ಅಂತ ಇಟ್ಟುಕೊಂಡರೂ 5,000 ಕಾಯಿಗೆ 5 ಟನ್. ಅಷ್ಟು ಭಾರ ಗಾಳಿಯಲ್ಲಿ ನಿಂತಿರೋದಿಲ್ಲ. ಹಲಗೆಯಿಂದ ಜಂತೆಗೆ, ಜಂತೆಯಿಂದ ತೊಲೆಗೆ, ತೊಲೆಯಿಂದ ಗೋಡೆಗೆ ಅಥವಾ ಕಂಬಕ್ಕೆ ಇಳಿದು ನೆಲ ಸೇರುತ್ತೆ. ದಾರಿಯಲ್ಲಿ ನಿಮ್ಮ 'ಬರೀ ಅಡ್ಡಗೋಡೆ' ಇದೆಯೋ ಇಲ್ಲವೋ, ಅದೇ ಪ್ರಶ್ನೆ.

ಜಂತೆಗಳು ಯಾವ ಕಡೆಗೆ ಓಡಿವೆ ನೋಡಿ. ಗೋಡೆಗೆ ಅಡ್ಡಲಾಗಿ ಬಂದು ಅದರ ಮೇಲೆ ಕೂತಿದ್ದರೆ ಗೋಡೆ ಭಾರ ಹೊತ್ತಿದೆ ಅಂತಲೇ ತಿಳಿಯಿರಿ. ಈ ಕಡೆಯದೊಂದು ತುಂಡು, ಆ ಕಡೆಯದೊಂದು ತುಂಡು ಗೋಡೆ ಮೇಲೇ ಸೇರಿದ್ದರಂತೂ ಕೈ ಹಚ್ಚಲೇಬೇಡಿ. ಗೋಡೆ ಹೋದರೆ ಎರಡು ತುದಿಗೂ ಆಸರೆಯಿಲ್ಲ. ಜಂತೆ ಗೋಡೆಯ ಜೊತೆಜೊತೆಗೇ ಓಡಿದ್ದು, ಗೋಡೆ ಅಟ್ಟದ ಕೆಳಗೇ ನಿಂತು ಮೇಲೆ ಸಂದು ಕಾಣುತ್ತಿದ್ದರೆ ಸ್ವಲ್ಪ ನೆಮ್ಮದಿ. ಸ್ವಲ್ಪ ಅಂದೆ, ಯಾಕೆಂದರೆ ಮಣ್ಣಿನ ಮನೆಯಲ್ಲಿ ಅಡ್ಡಗೋಡೆಗೆ ಇನ್ನೊಂದು ಕೆಲಸವೂ ಇರುತ್ತೆ. ಉದ್ದದ ಹೊರಗೋಡೆ ವಾಲದ ಹಾಗೆ ಹಿಡಿದುಕೊಂಡಿರುತ್ತೆ. ಹೆಂಚಿನ ಮಾಡಿನ ಇಳಿಜಾರು ಹೊರಗೋಡೆಯನ್ನು ಆಚೆಗೆ ತಳ್ಳುತ್ತಲೇ ಇರುತ್ತೆ. ಎಳೆದು ಹಿಡಿಯೋರು ಯಾರಾದರೂ ಬೇಕಲ್ಲ.

ಮೇಲಿದ್ದಾಗ ಒಂದು ದಬ್ಬಣ ಜೊತೆಗಿರಲಿ. ತೊಲೆಯ ತುದಿ ಗೋಡೆಯೊಳಗೆ ಹೋಗೋ ಕಡೆ ಚುಚ್ಚಿ ನೋಡಿ. ತೇವ ಕೂತು ಮೊದಲು ಕೊಳೆಯೋದು ಅಲ್ಲೇ, ಗೆದ್ದಲು ಏರೋದೂ ಅಲ್ಲೇ. ತೆಂಗಿನ ಮರದ ತೀರು ಹಾಕಿದ್ದರೆ ಇನ್ನೂ ಎಚ್ಚರ. ತೆಂಗಿಗೆ ಹೊರಸುತ್ತು ಗಟ್ಟಿ, ತಿರುಳು ಮೆತ್ತಗೆ. ಮೇಲೆ ನೋಡಲು ಕಲ್ಲಿನ ಹಾಗಿದ್ದು ಒಳಗೆ ಪುಡಿಯಾಗಿರಬಹುದು.

ಮಣ್ಣಿನ ಮಾಳಿಗೆ ಮನೆಯಾದರೆ ಲೆಕ್ಕವೇ ಬೇರೆ. ಒಣ ಮಣ್ಣು ಘನ ಅಡಿಗೆ ಸುಮಾರು 45 ಕಿಲೋ. ಹತ್ತಡಿ ಚೌಕದ ಕೋಣೆಯ ಮೇಲೆ ಅರ್ಧ ಅಡಿ ಮಣ್ಣಿದ್ದರೆ ಎರಡೂಕಾಲು ಟನ್. ಮಳೆ ನೀರು ಕುಡಿದರೆ ಇನ್ನೂ ಜಾಸ್ತಿ. ಆರ್‌ಸಿಸಿ ಮನೆಯವರು "ನಮ್ಮದು ಕಾಂಕ್ರೀಟು, ಏನಾಗಲ್ಲ" ಅಂತಾರೆ. ಅದೂ ತಪ್ಪು. ಎರಡು ಕೋಣೆಗೆ ಒಂದೇ ಸ್ಲಾಬ್ ಹಾಕಿದಾಗ, ನಡುಗೋಡೆಯ ಮೇಲೆ ಕಬ್ಬಿಣದ ಸರಳನ್ನು ಸ್ಲಾಬಿನ ಮೇಲ್ಭಾಗಕ್ಕೆ ಎತ್ತಿರುತ್ತಾರೆ. ಗೋಡೆ ತೆಗೆದರೆ ಸ್ಲಾಬ್ ಅಲ್ಲಿ ಕೆಳಗಡೆ ಬಿರುಕು ಬಿಡೋಕೆ ನೋಡುತ್ತೆ, ಅಲ್ಲಿ ತಡೆಯೋಕೆ ಸರಳೇ ಸಾಲದು. ಮೇಲೆ 1,000 ಲೀಟರಿನ ನೀರಿನ ಟ್ಯಾಂಕು ಇದ್ದರೆ ಅದೊಂದು ಟನ್ ಬೇರೆ.

10 ಅಡಿ ದಾಟುತ್ತಿದ್ದ ಜಂತೆಯಷ್ಟೇ ದಪ್ಪದ್ದನ್ನು 20 ಅಡಿಗೆ ಹಾಕಿದರೆ ಅದನ್ನು ಬಗ್ಗಿಸೋ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇದನ್ನು ಯಜಮಾನರಿಗೆ ಹೇಳಿ. ಹೆಂಗಸರ ಮಾತು ಅಂದರೆ, 2017ರ ಜುಲೈ 25ರಂದು ಮುಂಬೈನ ಘಾಟ್‌ಕೋಪರಿನಲ್ಲಿ ಕುಸಿದ ಕಟ್ಟಡದ ಸುದ್ದಿ ನೆನಪಿಸಿ. ನೆಲ ಅಂತಸ್ತಿನಲ್ಲಿ ಮಾರ್ಪಾಟು ಕೆಲಸ ನಡೀತಿತ್ತು. 17 ಜನ ಸತ್ತರು.

ಹಾಗಂತ ಗೋಡೆ ತೆಗೆಯಲೇಬಾರದು ಅಂತಲ್ಲ. ಕಟ್ಟಡದ ಲೆಕ್ಕ ಬಲ್ಲ ಇಂಜಿನಿಯರೊಬ್ಬರನ್ನು ಕರೆಸಿ ತೋರಿಸಿ. ಕೆಲಸ ಮುಗಿಸಿದ ಮೇಲೆ ಕೆಡವಿ ಕಟ್ಟೋ ಖರ್ಚಿನ ಮುಂದೆ ಅವರ ಫೀಜು ಏನೂ ಅಲ್ಲ. ತೆಗೆಯಬಹುದು ಅಂದರೆ ಮೊದಲು ಅಟ್ಟದ ಕಾಯಿ ಪೂರಾ ಇಳಿಸಬೇಕು. ಗೋಡೆಯ ಎರಡೂ ಪಕ್ಕ ಆಸರೆ ಕಂಬ ನಿಲ್ಲಿಸಿ, ಆಮೇಲೆ ಕಬ್ಬಿಣದ ಗರ್ಡರ್ ಏರಿಸಬೇಕು. ಗರ್ಡರಿನ ತುದಿಯನ್ನು ಮಣ್ಣಿನ ಗೋಡೆ ಮೇಲೆ ಹಾಗೇ ಕೂರಿಸಲು ಬಿಡಬೇಡಿ, ಮಣ್ಣು ಜಜ್ಜಿಹೋಗುತ್ತೆ. ಎರಡೂ ಕಡೆ ಪಾಯದಿಂದಲೇ ಎಬ್ಬಿಸಿದ ಕಂಬ ಬೇಕು. ಸುತ್ತಿಗೆ ಬೀಳೋ ಮೊದಲು ಮೇನ್ ಸ್ವಿಚ್ ತೆಗೆಸಿ. ಮಕ್ಕಳು, ಮುದುಕರು ಅಷ್ಟು ದಿನ ಬೇರೆ ಮನೆಯಲ್ಲಿರಲಿ.

ಇನ್ನೊಂದು ಮಾತು. ಪತ್ರದ ಕೊನೆಗೆ "ಅಡಿಗೆಮನೆ ಕತ್ತಲು, ಹೊಗೆ, ಒಬ್ಬಳೇ ಅಂತನಿಸುತ್ತೆ" ಎಂದು ಬರೆದಿದ್ದೀರಿ. ಬೇಕಾಗಿರೋದು ಬೆಳಕು, ಗಾಳಿ, ಮಾತಾಡೋಕೆ ಜನ ಅಂದಮೇಲೆ ಇಡೀ ಗೋಡೆ ಯಾಕೆ ಬೀಳಬೇಕು? ಅಡಿಗೆಮನೆ ಮೇಲೆ ಅಟ್ಟವಿಲ್ಲದ ಕಡೆ ನಾಲ್ಕು ಹೆಂಚು ತೆಗೆಸಿ ಗಾಜಿನ ಹೆಂಚು ಹಾಕಿಸಿ, ಮಧ್ಯಾಹ್ನದ ಹೊತ್ತು ದೀಪವೇ ಬೇಡ. ನಡುಗೋಡೆಯಲ್ಲಿ, ಅದೇ ಇಂಜಿನಿಯರು ತೋರಿಸಿದ ಜಾಗದಲ್ಲಿ, ಮೇಲೆ ಗಟ್ಟಿ ಲಿಂಟಲ್ ಕೊಟ್ಟು ಮೂರಡಿ ಕಿಟಕಿ ಬಿಡಿಸಿ. ತಟ್ಟೆ ಆಚೆಗೆ ದಾಟಿಸಬಹುದು, ನಡುಮನೆಯ ಮಾತೂ ಕೇಳುತ್ತೆ. ಅಟ್ಟದ ಕಾಯಿಯನ್ನೂ ಇಳಿಸಬೇಕಾಗಿಲ್ಲದೆ ಹೋಗಬಹುದು. ಅದನ್ನೂ ಅವರನ್ನೇ ಕೇಳಿಕೊಳ್ಳಿ.