‘ಗಿವ್ ಅಪ್’ ಎಂಬುದೂ ‘ತ್ಯಜಿಸು’ ಎಂಬುದೂ

ಇಂಗ್ಲಿಷಿನ ‘ಗಿವ್ ಅಪ್’ ಎಂಬ ನುಡಿಗೆ ‘ತ್ಯಜಿಸು’ ಎಂದು ಅರ್ಥ ಬರೆಯಿಸಿ, ಮಕ್ಕಳಿಂದ ಅದನ್ನೇ ಬಾಯಿಪಾಠ ಮಾಡಿಸುವ ಉಪಾಧ್ಯಾಯರು ಇಂದಿಗೂ ಉಳಿದಿರುವರು. ಇಂಥ ಜೋಡುನುಡಿಗಳು ಇಂಗ್ಲಿಷಿಗೇ ಮೀಸಲಾದ ಸೊಗಸೆಂದೂ, ಕನ್ನಡಕ್ಕೆ ಆ ಸೂಕ್ಷ್ಮವು ಒಲಿಯದಾದುದರಿಂದ ಸಂಸ್ಕೃತದ ಮೊರೆಹೊಗಬೇಕಾಯಿತೆಂದೂ ಅವರ ವಾದ. ಈ ವಾದಕ್ಕೆ ಬುಡವಿಲ್ಲ.

‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಕೂಡಿಸಿದರೆ ‘ಮೇಲೆ ಕೊಡು’ ಎಂದಾಗಬೇಕಷ್ಟೆ? ಹಾಗಾಗದು. ಇಲ್ಲಿಯ ‘ಅಪ್’ ದಿಕ್ಕನ್ನು ತೋರದೆ, ಕೆಲಸವು ಪೂರ್ತಿಯಾಯಿತೆಂಬುದನ್ನು ಸೂಚಿಸುತ್ತದೆ. ‘ಈಟ್ ಅಪ್’ ಎಂದರೆ ತಿಂದು ಮುಗಿಸು ಎಂಬಂತೆ. 12ನೆಯ ಶತಮಾನದಲ್ಲಿಯೇ ‘ಒಪ್ಪಿಸಿಬಿಡು’ ಎಂಬರ್ಥದಲ್ಲಿ ಬಳಕೆಯಲ್ಲಿದ್ದ ಈ ನುಡಿಯು 1611ರ ಇಂಗ್ಲಿಷ್ ಬೈಬಲಿನಲ್ಲಿ ಪ್ರಾಣ ಬಿಡುವುದಕ್ಕೂ ಸಂದಿತು. ಇಂಥ ನುಡಿಗಳು ಪರದೇಶದವರಿಗೆ ಬಲು ತೊಡಕಿನವೆಂದು ಸ್ಯಾಮ್ಯುಯೆಲ್ ಜಾನ್ಸನ್ನನೇ ತನ್ನ 1755ರ ನಿಘಂಟಿನ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದುದಾದರೋ ತೀರ ಈಚೆಗೆ, 1925ರ ಸುಮಾರಿನಲ್ಲಿ.

ಇನ್ನು ಕನ್ನಡದ ಮಾತು. ತುಂಗಭದ್ರೆಯ ದಡದ ಮುಕ್ಕುಂದಕ್ಕೆ ಹೋಗಿ ಅಲ್ಲಿಯ ಒಕ್ಕಲುಮಗನ ಮಾತನ್ನು ಕಿವಿಗೊಟ್ಟು ಕೇಳಿದರೆ ಸಾಕು. ಅವನು ಬೀಡಿ ಸೇದುವುದನ್ನು ಬಿಟ್ಟುಬಿಡುವನು. ನೀರಿನ ಪಾಳಿಯನ್ನು ನೆರೆಹೊಲದವನಿಗೆ ಬಿಟ್ಟುಕೊಡುವನು. ಒಣಗಿದ ಪೈರಿನೆದುರು ಕೈಚೆಲ್ಲುವನು. ವೈದ್ಯರು ರೋಗಿಯನ್ನು ಕೈಬಿಟ್ಟರೆಂದು ಮರುಗುವನು. ಈ ನಾಲ್ಕಕ್ಕೂ ಇಂಗ್ಲಿಷಿನವನಿಗೆ ‘ಗಿವ್ ಅಪ್’ ಒಂದೇ ಸಾಕಾಗುತ್ತದೆ. ಹಾಗಿರುವಾಗ ಬಡತನವು ಯಾರದು? ‘ಕಾಲುವೆಗೆ ನೀರು ಬಂದುಬಿಟ್ಟಿತು’ ಎಂದಾಗ ಅಲ್ಲಿ ಯಾರೂ ಏನನ್ನೂ ಬಿಟ್ಟಿಲ್ಲ. ಇಂಗ್ಲಿಷಿನ ‘ಅಪ್’ ತನ್ನ ದಿಕ್ಕನ್ನು ಮರೆತಂತೆ ನಮ್ಮ ‘ಬಿಡು’ವೂ ತನ್ನ ಮೂಲಾರ್ಥವನ್ನು ಮರೆತು, ಕೆಲಸ ಮುಗಿಯಿತೆಂಬುದನ್ನಷ್ಟೇ ಸಾರುತ್ತದೆ. ‘ಕೊಡು’ವಿನ ಸ್ವಭಾವವೇ ಬೇರೆ. ಅದು ಬಂದಲ್ಲೆಲ್ಲ ಪಡೆಯುವವನೊಬ್ಬನು ನಿಂತಿರಲೇಬೇಕು.

‘ತ್ಯಜಿಸು’ ಎಂಬುದನ್ನು ಊರಿಂದಾಚೆಗೆ ಅಟ್ಟಬೇಕೆಂದಲ್ಲ. ಸಿದ್ಧಾರ್ಥನು ಅರಮನೆಯನ್ನು ತ್ಯಜಿಸಲಿ. ಬೀಡಿಯನ್ನು ತ್ಯಜಿಸುವವನು ನಗೆಗೀಡಾಗುವನು.

ನಗೆಗೆ ಎಡೆಯಿಲ್ಲದ ಸಂಗತಿಯೊಂದುಂಟು. 2005ರ ಕಾಯಿದೆಯ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕುಂಟು. ಆ ಹಕ್ಕನ್ನು ಬಿಡಿಸಿಕೊಳ್ಳುವ ಪತ್ರಕ್ಕೆ ಅಕ್ಕತಂಗಿಯರ ರುಜು ಪಡೆಯುವುದು ಹೊಸದೇನೂ ಅಲ್ಲ. ‘ಬಿಟ್ಟುಬಿಡವ್ವ, ತವರುಮನಿ ಉಳೀಲಿ’ ಎಂದು ಮನೆಯಲ್ಲಿ ಹೇಳುವರು. ಪತ್ರದಲ್ಲಿ ‘ಸ್ವಸಂತೋಷದಿಂದ ಪರಿತ್ಯಜಿಸಿರುತ್ತೇನೆ’ ಎಂದು ಬರೆಯುವರು. ಓದುಬಾರದ ತಂಗಿಗೆ ಇದು ಮಂತ್ರದಂತೆ ಕೇಳಿಸುತ್ತದೆ. ಆಕೆ ಹೆಬ್ಬೆಟ್ಟು ಒತ್ತುವಳು. ‘ಬಿಟ್ಟುಕೊಟ್ಟಿರುತ್ತೇನೆ’ ಎಂದು ಬರೆದು ಓದಿ ಹೇಳಿದ್ದರೆ, ಯಾರಿಗೆ, ಯಾವ ಹೊಲವನ್ನು, ಎಷ್ಟು ಎಕರೆಯನ್ನು ಎಂದು ಹೆಬ್ಬೆಟ್ಟಿಗೆ ಮಸಿ ತಾಗುವ ಮೊದಲೇ ಆಕೆ ಕೇಳುತ್ತಿದ್ದಳು.