ತೂಕ ಇಳಿದ ಮೇಲಿನ ವರ್ಷಗಳು

ಅತಿಬೊಜ್ಜಿಗೆ ಶಸ್ತ್ರಚಿಕಿತ್ಸೆ ಶುರುವಾಗಿ ಏಳು ದಶಕ ದಾಟಿತು. 1954ರಲ್ಲಿ ಮಿನ್ನೆಸೋಟದ ವೈದ್ಯರು ಸಣ್ಣಕರುಳಿನ ಬಹುಪಾಲನ್ನು ಬದಿಗಿಟ್ಟು ಆಹಾರಕ್ಕೆ ಒಳದಾರಿ ಮಾಡಿದ್ದನ್ನು ವರದಿ ಮಾಡಿದರು. 1960ರ ದಶಕದಲ್ಲಿ ಅಯೋವದ ಎಡ್ವರ್ಡ್ ಮೇಸನ್ ಜಠರವನ್ನು ಕಿರಿದಾಗಿಸುವ ಗ್ಯಾಸ್ಟ್ರಿಕ್ ಬೈಪಾಸ್ ತಂದರು. 90ರ ದಶಕದಲ್ಲಿ ಲ್ಯಾಪರೊಸ್ಕೋಪಿ ಬಂದು ದೊಡ್ಡ ಗಾಯವೇ ತಪ್ಪಿತು. ಯಾರಿಗೆ ಮಾಡಬಹುದು ಎಂಬ ಗೆರೆಯೂ ಸಡಿಲವಾಯಿತು. 1991ರಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 40, ಬೇರೆ ಕಾಯಿಲೆ ಇದ್ದರೆ 35 ಎಂದಿತ್ತು. 2022ರ ಮಾರ್ಗಸೂಚಿಯಲ್ಲಿ ಅದು 35 ಮತ್ತು 30 ಆಯಿತು, ಏಷ್ಯಾದವರಿಗೆ 27.5. ಕೈ ಇಷ್ಟು ಪಳಗಿದ ಕಾಲದಲ್ಲಿ ರೋಗಿಯ ಮನಸ್ಸು, ಮನೆಯ ಬಗ್ಗೆ ಕಲಿತದ್ದೂ ಸಾಕಷ್ಟಿದೆ. ಅದನ್ನು ಬಳಸಿಕೊಂಡದ್ದು ಕಡಿಮೆ.

ಎಚ್ಚರಿಕೆ ಸಿಕ್ಕಿದ್ದು ಶಸ್ತ್ರಚಿಕಿತ್ಸೆಯ ಹೊರಗೆ. 1980ರ ದಶಕದಲ್ಲಿ ಸ್ಯಾನ್ ಡಿಯಾಗೊದ ವೈದ್ಯ ವಿನ್ಸೆಂಟ್ ಫೆಲಿಟ್ಟಿ ತೂಕ ಇಳಿಸುವ ಕಾರ್ಯಕ್ರಮ ನಡೆಸುತ್ತಿದ್ದರು. ಅಲ್ಲಿ ಚೆನ್ನಾಗಿ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಕೂರಿಸಿ ಮಾತಾಡಿಸಿದಾಗ ಹಲವರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದು ಹೊರಬಂತು. ದಪ್ಪಗಿದ್ದರೆ ಯಾರ ಕಣ್ಣೂ ಬೀಳುವುದಿಲ್ಲ ಎಂಬ ಧೈರ್ಯ ಅವರಲ್ಲಿ ಕೆಲವರಿಗಿತ್ತು. ತೂಕ ಇಳಿದಂತೆ ಆ ಧೈರ್ಯವೂ ಇಳಿಯುತ್ತಿತ್ತು. ಬೊಜ್ಜಿರುವವರಿಗೆಲ್ಲ ಇಂಥ ನೋವಿರುತ್ತದೆ ಎಂದಲ್ಲ, ಅನುವಂಶೀಯತೆಯ ಪಾಲು ದೊಡ್ಡದು. ಆದರೆ ಕೇಳದೆ ಗೊತ್ತಾಗುವುದು ಹೇಗೆ?

ಶಸ್ತ್ರಚಿಕಿತ್ಸೆಯ ನಂತರದ ಮೊದಲ ವರ್ಷ ಸಂಭ್ರಮದ್ದು. ಹಳೆಯ ಬಟ್ಟೆ ಸಡಿಲವಾಗುತ್ತದೆ, ಮಧುಮೇಹದ ಮಾತ್ರೆ ಕಡಿಮೆಯಾಗುತ್ತದೆ. ಕಷ್ಟ ಆಮೇಲೆ. 2007ರಲ್ಲಿ ಬಂದ ಅಮೆರಿಕದ ಯೂಟಾ ರಾಜ್ಯದ ಅಧ್ಯಯನದಲ್ಲಿ, ಬೈಪಾಸ್ ಮಾಡಿಸಿಕೊಂಡವರಲ್ಲಿ ಒಟ್ಟು ಸಾವು ಶೇ 40ರಷ್ಟು ಕಡಿಮೆಯಿತ್ತು. ಅದೇ ಅಧ್ಯಯನದಲ್ಲಿ ಅಪಘಾತ, ಆತ್ಮಹತ್ಯೆಯಂಥ ಸಾವುಗಳು ಶೇ 58ರಷ್ಟು ಹೆಚ್ಚಿದ್ದವು. ಈ ಎರಡನೆಯ ಅಂಕಿ ನಮ್ಮ ಆಸ್ಪತ್ರೆಗಳ ಜಾಹೀರಾತುಗಳಲ್ಲಿ ಕಾಣುವುದಿಲ್ಲ. 2012ರ ಇನ್ನೊಂದು ಅಧ್ಯಯನ, ಕುಡಿತದ ತೊಂದರೆ ಎರಡನೇ ವರ್ಷದಲ್ಲಿ ಏರುವುದನ್ನು ಗುರುತಿಸಿತು. ಬೈಪಾಸ್ ಆದವರಲ್ಲಿ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ. ಊಟದಲ್ಲಿ ಸಿಗುತ್ತಿದ್ದ ಸಮಾಧಾನವೂ ಈಗ ಸಿಗುವುದಿಲ್ಲ. ಸ್ವೀಡನ್ನಿನ 2018ರ ಅಧ್ಯಯನದಲ್ಲಿ ಒಂಟಿಯಾಗಿದ್ದವರು ಹೆಚ್ಚಾಗಿ ಜೊತೆ ಕಂಡುಕೊಂಡರು, ಜೊತೆಯಲ್ಲಿದ್ದವರು ಹೆಚ್ಚಾಗಿ ಬೇರೆಯಾದರು.

ನಮ್ಮ ಮನೆಗಳಲ್ಲಿ ಈ ಕಷ್ಟದ ರೂಪ ಬೇರೆ. ಮದುವೆ ಊಟದ ಪಂಕ್ತಿ ನೆನೆಯಿರಿ. ನಾಲ್ಕು ತುತ್ತಿಗೆ ಹೊಟ್ಟೆ ತುಂಬಿದೆ, ಎಲೆಗೆ ಅಡ್ಡ ಕೈ ಹಿಡಿದರೂ ಬಡಿಸುವವರು ಬಿಡದೆ ಹೋಳಿಗೆ ಹಾಕಿ ತುಪ್ಪ ಸುರಿಯುತ್ತಾರೆ. ಸಂಕೋಚಕ್ಕೆ ಅದನ್ನು ತಿಂದರೆ ಸ್ವಲ್ಪ ಹೊತ್ತಿನಲ್ಲೇ ಎದೆ ಡವಡವ, ಮೈಯೆಲ್ಲ ಬೆವರು. ಬಿಟ್ಟೆದ್ದರೆ ‘ಯಾಕಮ್ಮ, ಅಡುಗೆ ಹಿಡಿಸಲಿಲ್ಲವಾ?’ ಆಪರೇಷನ್ ಆಗಿದೆ ಎನ್ನಲು ಬಾಯಿ ಬರುವುದಿಲ್ಲ. ‘ಬಾಯಿ ಕಟ್ಟೋಕೆ ಆಗದೆ ಹೊಟ್ಟೆ ಕೊಯ್ಸಿಕೊಂಡಳು’ ಎನ್ನುವವರು ಅದೇ ಪಂಕ್ತಿಯಲ್ಲಿದ್ದಾರೆ. ಮೊದಲು ‘ಡುಮ್ಮಿ’ ಎಂದು ರೇಗಿಸಿದವರೂ ಅವರೇ. ವಾಕಿಂಗ್ ಮಾಡಿದೆ ಎಂದು ಸುಳ್ಳು ಹೇಳುತ್ತ ಬದುಕುವುದು ಬಹಳ ದಣಿವಿನ ಕೆಲಸ. ಜೋತುಬಿದ್ದ ಚರ್ಮದ ಸಂಕಟ ಇದರ ಮೇಲೆ.

ಇದರ ಜೊತೆಗೆ ಜನರಲ್ಲಿ ಒಂದು ಗೊಂದಲವೂ ಇದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ತೀರಿಕೊಂಡರು. ಅದು ಸೌಂದರ್ಯಕ್ಕಾಗಿ ಮಾಡುವಂಥದ್ದು, ಅತಿಬೊಜ್ಜಿನ ಚಿಕಿತ್ಸೆಯಲ್ಲ. ಎರಡನ್ನೂ ಒಂದೇ ಎಂದುಕೊಂಡು, ಚಿಕಿತ್ಸೆ ನಿಜವಾಗಿ ಬೇಕಾದವರೂ ಹೆದರಿ ಹಿಂದೆ ಸರಿಯುವ ಅಪಾಯವಿದೆ.

2025ರಲ್ಲಿ ಹಸಿವು ತಗ್ಗಿಸಿ ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳು ಭಾರತದ ಮಾರುಕಟ್ಟೆಗೂ ಬಂದವು. ಶಸ್ತ್ರಚಿಕಿತ್ಸೆಯ ವಿಚಾರದಲ್ಲಿ ಮರೆತ ಮನಸ್ಸು, ಮನೆಯನ್ನು ಇಲ್ಲಿಯೂ ಮರೆಯಬಾರದು.

ಡಿಸ್ಚಾರ್ಜ್ ಚೀಟಿಯಲ್ಲಿ ಬಿ12, ಕಬ್ಬಿಣಾಂಶ, ಪ್ರೋಟೀನಿನ ಜೊತೆಗೆ ಎರಡನೇ, ಮೂರನೇ ವರ್ಷದ ಆಪ್ತಸಮಾಲೋಚನೆಯ ದಿನಾಂಕವೂ ಇರಲಿ. ಅದರ ಖರ್ಚು ಪ್ಯಾಕೇಜಿನೊಳಗೇ ಸೇರಲಿ. ಕುಡಿತದ ಬಗ್ಗೆ, ಸಾಯುವ ಯೋಚನೆಯ ಬಗ್ಗೆ ವೈದ್ಯರು ನೇರವಾಗಿ ಕೇಳಲಿ, ಒಮ್ಮೆಯಾದರೂ ಮನೆಯವರನ್ನೂ ಕೂರಿಸಿಕೊಳ್ಳಲಿ. ಅಲ್ಲಿಯವರೆಗೆ ಕಾಯಲಾರದಷ್ಟು ಸಂಕಟದಲ್ಲಿರುವವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಉಚಿತವಾಗಿ ಸಿಗುತ್ತದೆ.