ಕೊರಳಿನ ಗ್ರಂಥಿ, ಮೈಯ ಭಾರ, ಮಲೆನಾಡಿನ ಉಪ್ಪು

ಮಲೆನಾಡಿನ ಮನೆಗಳಲ್ಲಿ ಈ ಮಾತು ಹೊಸದಲ್ಲ. ‘ಮದುವೆಯಾಗಿ ಬಂದಾಗ ಕಡ್ಡಿಯಂತಿದ್ದಳು, ಈಗ ನೋಡಿ’ ಎಂದು ಯಾರೋ ನಗುತ್ತಾರೆ. ನಲವತ್ತರ ಆಸುಪಾಸಿನ ಆ ಹೆಣ್ಣುಮಗಳು ಬೆಳಗ್ಗೆ ಏಳುವಾಗಲೇ ದಣಿದಿರುತ್ತಾಳೆ. ತೋಟದ ದಾರಿಯಲ್ಲಿ ಏರು ಬಂದರೆ ಕಾಲು ಸೋಲುತ್ತದೆ. ಮಳೆಗಾಲದ ಚಳಿ ಉಳಿದವರಿಗಿಂತ ಹೆಚ್ಚು ಕಾಡುತ್ತದೆ. ಕೂದಲು ಉದುರುತ್ತದೆ, ಚರ್ಮ ಒಣಗುತ್ತದೆ, ಮುಟ್ಟು ಏರುಪೇರಾಗುತ್ತದೆ. ರಾತ್ರಿಯೂಟ ಬಿಟ್ಟರೂ ತೂಕ ಇಳಿಯುವುದಿಲ್ಲ. ಮನೆಯವರು ಇದನ್ನು ಸೋಮಾರಿತನವೆಂದು ಕರೆಯುತ್ತಾರೆ. ಆಕೆ ತನ್ನ ಹಣೆಬರಹವೆಂದು ಸುಮ್ಮನಾಗುತ್ತಾಳೆ. ಆಕೆಯ ಕೊರಳಿನ ಒಂದು ಸಣ್ಣ ಗ್ರಂಥಿಯ ಕಡೆಗೆ ಯಾರ ಗಮನವೂ ಹೋಗುವುದಿಲ್ಲ.

ಚಿಟ್ಟೆಯ ಆಕಾರದ ಥೈರಾಯ್ಡ್ ಗ್ರಂಥಿಯ ತೂಕ ಸುಮಾರು 20 ಗ್ರಾಂ. ದೇಹವೆಂಬ ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡುವ ಕೆಲಸ ಅದರದು. ಅದು ಸ್ರವಿಸುವ ಹಾರ್ಮೋನು ಕಡಿಮೆಯಾದಾಗ ಹೃದಯ, ಕರುಳು, ಸ್ನಾಯು, ಮನಸ್ಸು ಎಲ್ಲದರ ಚಟುವಟಿಕೆಯೂ ಮಂದವಾಗುತ್ತದೆ. ತಿಂದದ್ದು ಪೂರ್ತಿ ಉರಿಯದೆ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ ಉಪ್ಪು ಮತ್ತು ನೀರು ದೇಹದಲ್ಲಿ ತಂಗಿ ಮುಖ ಊದಿಕೊಳ್ಳುತ್ತದೆ. ಹೀಗೆ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೋದಷ್ಟು ಮಾತ್ರ. ಇಪ್ಪತ್ತು ಕಿಲೋ ಬೊಜ್ಜನ್ನು ಥೈರಾಯ್ಡಿನ ತಲೆಗೆ ಕಟ್ಟುವುದು ಎಷ್ಟು ತಪ್ಪೋ, ರಕ್ತವನ್ನೇ ಪರೀಕ್ಷಿಸದೆ ಹೆಣ್ಣೊಬ್ಬಳನ್ನು ಸೋಮಾರಿಯೆನ್ನುವುದೂ ಅಷ್ಟೇ ತಪ್ಪು.

ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಯಸ್ಕರಲ್ಲಿ ಶೇ. 10.95 ಮಂದಿಗೆ ಥೈರಾಯ್ಡ್ ಕೊರತೆ ಕಂಡುಬಂದಿತ್ತು. ಪುರುಷರಿಗಿಂತ ಮಹಿಳೆಯರಲ್ಲೇ ಇದು ಹೆಚ್ಚು.

ಇದು ಪರಿಸರದ ಪತ್ರಿಕೆಯೊಂದು ಎತ್ತಿಕೊಳ್ಳಬೇಕಾದ ವಿಷಯವೇ ಎಂದು ಕೆಲವರು ಕೇಳಬಹುದು. ಉತ್ತರ ಮಣ್ಣಿನಲ್ಲಿದೆ. ಥೈರಾಯ್ಡ್ ಹಾರ್ಮೋನು ತಯಾರಾಗಲು ಅಯೋಡಿನ್ ಬೇಕು. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಗೆ 250. ಸಾವಿರಾರು ವರ್ಷಗಳ ಮಳೆ ಗುಡ್ಡದ ಇಳಿಜಾರಿನ ಮಣ್ಣಿನಿಂದ ಈ ಧಾತುವನ್ನು ತೊಳೆದು ಕಡಲಿಗೆ ಸೇರಿಸಿದೆ. ಕಾಡಿನ ಹೊದಿಕೆ ಹೋದಲ್ಲಿ ಮೇಲ್ಮಣ್ಣಿನ ಸವೆತ ಇನ್ನಷ್ಟು ಚುರುಕಾಗುತ್ತದೆ. ಮಣ್ಣಿನಲ್ಲಿಲ್ಲದ್ದು ಬೆಳೆಯಲ್ಲಿ, ಹಾಲಿನಲ್ಲಿ ಎಲ್ಲಿಂದ ಬರಬೇಕು? ಹಿಮಾಲಯದ ತಪ್ಪಲಿನಂತೆ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲೂ ಗಳಗಂಡ ವ್ಯಾಪಕವಾಗಿದ್ದುದು ಈ ಕಾರಣದಿಂದಲೇ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಾಂಗ್ಡಾ ಕಣಿವೆಯಲ್ಲಿ ಆರಂಭಿಸಿದ ಪ್ರಯೋಗವು, ಅಯೋಡಿನ್ ಬೆರೆಸಿದ ಉಪ್ಪು ತಿಂದ ಊರುಗಳಲ್ಲಿ ಕೆಲವೇ ವರ್ಷಗಳಲ್ಲಿ ಗಳಗಂಡ ಇಳಿಯಿತೆಂದು ತೋರಿಸಿಕೊಟ್ಟಿತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮಕ್ಕೆ ಅದೇ ಬುನಾದಿ.

ಇಲ್ಲಿ ಪರಿಸರದ ಗೆಳೆಯರ ನಡುವೆಯೇ ಒಂದು ತಕರಾರಿದೆ. ಅಯೋಡಿನ್‌ರಹಿತ ಉಪ್ಪಿನ ಮಾರಾಟದ ಮೇಲೆ ಹೇರಿದ್ದ ನಿಷೇಧವನ್ನು ಕೇಂದ್ರ ಸರ್ಕಾರ 2000ದಲ್ಲಿ ತೆಗೆದು, 2006ರಲ್ಲಿ ಮತ್ತೆ ಹೇರಿತು. ಕಡಲಂಚಿನ ಸಣ್ಣ ಉಪ್ಪು ತಯಾರಕರನ್ನು ದೂಡಿ ದೊಡ್ಡ ಕಂಪನಿಗಳಿಗೆ ಮಾರುಕಟ್ಟೆ ಒಪ್ಪಿಸುವ ಹುನ್ನಾರವಿದು ಎಂಬ ಟೀಕೆ ಆಗ ಬಂದಿತ್ತು. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ನೆನಪಿರುವ, ಸಾಣಿಕಟ್ಟೆಯ ಉಪ್ಪು ಉಂಡ ನಾಡಿನಲ್ಲಿ ಆ ಟೀಕೆ ಹಗುರವಾದುದಲ್ಲ. ಆದರೆ ಅದರ ಬೆನ್ನಿಗೇ ‘ಕಡಲುಪ್ಪಿನಲ್ಲಿ ಬೇಕಾದಷ್ಟು ಅಯೋಡಿನ್ ಸಹಜವಾಗಿಯೇ ಇದೆ’ ಎಂಬ ಮಾತೂ ಹಬ್ಬಿತು. ಇದು ನಿಜವಲ್ಲ. ಸಮುದ್ರದ ನೀರಿನಲ್ಲಿರುವುದೇ ಲೀಟರಿಗೆ ಸುಮಾರು 60 ಮೈಕ್ರೋಗ್ರಾಂ; ಹರಳಾಗುವ ಹೊತ್ತಿಗೆ ಅದರಲ್ಲಿ ಉಳಿಯುವುದು ಅತ್ಯಲ್ಪ. ಸಾವಯವವೆಂದು ನಂಬಿ ಬರಿಯ ಕಲ್ಲುಪ್ಪನ್ನೇ ಬಳಸುವ ಗುಡ್ಡದ ಮನೆಯಲ್ಲಿ ನಷ್ಟವಾಗುವುದು ಗರ್ಭದಲ್ಲಿರುವ ಕೂಸಿನ ಮಿದುಳಿಗೆ. ಸಣ್ಣ ಉಪ್ಪಾಗಾರಗಳಿಗೆ ಪೊಟ್ಯಾಸಿಯಂ ಅಯೊಡೇಟ್ ಸಿಂಪಡಿಸುವ ಸೌಲಭ್ಯವನ್ನು ಸಹಕಾರಿ ತತ್ವದಲ್ಲಿ ಒದಗಿಸಬೇಕೆಂಬುದು ಚಳವಳಿಯ ಬೇಡಿಕೆಯಾಗಬೇಕು. ಅಯೋಡಿನ್ನನ್ನೇ ನಿರಾಕರಿಸುವುದು ಸ್ವಾವಲಂಬನೆಯ ದಾರಿಯಾಗಲಾರದು.

ಹಾಗೆಂದು ಉಪ್ಪೊಂದೇ ಎಲ್ಲಕ್ಕೂ ಮದ್ದಲ್ಲ. ಅಯೋಡಿನ್ ಸಾಕಷ್ಟು ಸಿಗುವಲ್ಲಿ, ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವ ಹಶಿಮೊಟೊ ಕಾಯಿಲೆ ಥೈರಾಯ್ಡ್ ಕೊರತೆಯ ಮುಖ್ಯ ಕಾರಣ. ಅಂಥವರಿಗೆ ಹೆಚ್ಚು ಅಯೋಡಿನ್ ಕೊಟ್ಟರೆ ಉಪಯೋಗಕ್ಕಿಂತ ತೊಂದರೆಯೇ ಹೆಚ್ಚು. ಇನ್ನು ಕಳಲೆಯ ವಿಷಯ. ಹಸಿ ಬಿದಿರಿನ ಮೊಳಕೆಯಲ್ಲಿ ಗ್ರಂಥಿಯ ಕೆಲಸಕ್ಕೆ ಅಡ್ಡಬರುವ ಅಂಶವಿದೆ. ಹೆಚ್ಚಿದ ಕಳಲೆಯನ್ನು ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಹಾಕಿ ಬೇಯಿಸುವ ಅಜ್ಜಿಯರ ಕ್ರಮ ಆ ಅಂಶವನ್ನು ಬಹುಮಟ್ಟಿಗೆ ಕಳೆಯುತ್ತದೆ. ಅವಸರದ ಅಡುಗೆಯಲ್ಲಿ ಆ ಕ್ರಮವನ್ನು ಬಿಡಬಾರದು.

ಕಳಲೆಗಿಂತ ಹೆಚ್ಚು ಆತಂಕ ಹುಟ್ಟಿಸಬೇಕಾದದ್ದು ಶುಂಠಿ, ಆಲೂಗಡ್ಡೆ ಹೊಲಗಳಿಗೆ ಸುರಿಯುವ ಮ್ಯಾಂಕೋಜೆಬ್‌ನಂಥ ಶಿಲೀಂಧ್ರನಾಶಕ. ಅದು ಒಡೆದಾಗ ಹುಟ್ಟುವ ಎಥಿಲೀನ್ ಥಯೋಯೂರಿಯಾ ಪ್ರಯೋಗದ ಪ್ರಾಣಿಗಳಲ್ಲಿ ಥೈರಾಯ್ಡ್ ಹಾರ್ಮೋನಿನ ತಯಾರಿಕೆಯನ್ನೇ ತಡೆಯುತ್ತದೆ. ಐರೋಪ್ಯ ಒಕ್ಕೂಟ 2020ರ ಡಿಸೆಂಬರಿನಲ್ಲಿ ಇದರ ಪರವಾನಗಿಯನ್ನು ನವೀಕರಿಸಲು ನಿರಾಕರಿಸಿತು. ಬಾಯಿಗೊಂದು ಬಟ್ಟೆಯೂ ಇಲ್ಲದೆ ಇಲ್ಲಿ ಇದನ್ನು ಸಿಂಪಡಿಸುವ ಕೂಲಿಕಾರರ ರಕ್ತವನ್ನು ಪರೀಕ್ಷಿಸುವವರು ಯಾರು?

ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಟಿಎಸ್‌ಎಚ್ ಎಂಬ ಸರಳ ರಕ್ತಪರೀಕ್ಷೆ ಗುಡ್ಡದ ಊರುಗಳಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುವಂತಾಗಬೇಕು. ಒಂದು ದಿನದ ಕೂಲಿ ಬಿಟ್ಟು ಪೇಟೆಗೆ ಹೋಗಬೇಕಾದ ಹೆಣ್ಣು ಹೋಗುವುದೇ ಇಲ್ಲ. ಗರ್ಭಿಣಿಯರ ಪರೀಕ್ಷೆಯಂತೂ ತಪ್ಪಲೇಬಾರದು. ಕೊರತೆ ಕಂಡರೆ ಲೆವೊಥೈರಾಕ್ಸಿನ್ ಮಾತ್ರೆ ಅಗ್ಗವೂ ಹೌದು, ಪರಿಣಾಮಕಾರಿಯೂ ಹೌದು. ಆದರೆ ಅದನ್ನು ಬರಿಹೊಟ್ಟೆಯಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಕಳೆದ ಮೇಲೆಯೇ ಕಾಫಿ ಕುಡಿಯಬೇಕೆಂದು ಕಾಫಿ ಸೀಮೆಯವರಿಗೆ ಒತ್ತಿ ಹೇಳಬೇಕಾಗಿದೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಲಿ. ಅಡುಗೆಮನೆಯಲ್ಲಿ ಉಪ್ಪಿನ ಜಾಡಿಗೆ ಬಿಗಿಯಾದ ಮುಚ್ಚಳವಿರಲಿ. ಒಲೆಯ ಪಕ್ಕದ ಬಿಸಿಗೂ ಮಳೆಗಾಲದ ತೇವಕ್ಕೂ ಅಯೋಡಿನ್ ನಿಲ್ಲುವುದಿಲ್ಲ.

ಗುಡ್ಡ ಕಳೆದುಕೊಂಡದ್ದನ್ನು ಗುಡ್ಡದ ಮಕ್ಕಳ ಮೈ ಹೇಳುತ್ತಿದೆ. ಮರದ ಎಲೆ ಹಳದಿಯಾದರೆ ರೈತ ಮರವನ್ನು ಬೈಯುವುದಿಲ್ಲ, ಬುಡದ ಮಣ್ಣನ್ನು ನೋಡುತ್ತಾನೆ. ಮನೆಯ ಹೆಣ್ಣುಮಗಳ ದಣಿವಿಗೂ ಅಷ್ಟು ಗಮನ ಸಲ್ಲಬೇಕು.